ಎಟುಕದ ನೀಲಿ ಕೇಬಲ್

ಕೊರಳಿನ ಹಾರಕ್ಕಿಂತ ದೊಡ್ಡ ನಗು ಹೊತ್ತು ವೇದಿಕೆಯ ನಡುವೆ ಕುಳಿತಿರುವ ಅಧ್ಯಕ್ಷರೂ ನಮ್ಮ ಧಣಿಗಳೂ ಆದ ನಾಗೇಂದ್ರಪ್ಪನವರೇ, ಸಂಡೂರಿನಿಂದ ಕೆಂಪು ಧೂಳಿನ ಸಮೇತ ದಯಮಾಡಿಸಿರುವ ಅತಿಥಿಗಳೇ, ಹಿಂದಿನ ಸಾಲಿನಲ್ಲಿ ಕುಳಿತು ಊಟದ ಮನೆಯ ಬಾಗಿಲನ್ನೇ ನೋಡುತ್ತಿರುವ ಲಾರಿ ಚಾಲಕ ಮಿತ್ರರೇ, ನನ್ನ ಸಹೋದ್ಯೋಗಿಗಳೇ, ಸಭಿಕರೇ,

ಕೊಟ್ರಯ್ಯ ಎಂಬ ಈ ಮ್ಯಾನೇಜರು ಇಂದು ನಿವೃತ್ತನಾಗುತ್ತಿದ್ದಾನೆ. ನನ್ನನ್ನು ಶಿಸ್ತಿನ ಸಿಪಾಯಿ ಎಂದಿರಿ, ಹೊತ್ತು ತಪ್ಪದ ಮನುಷ್ಯ ಎಂದಿರಿ. ಹಾಗೆಂದು ಕೈಗೊಂದು ಗಡಿಯಾರವನ್ನೂ ಕೊಟ್ಟಿರಿ. ನಾಳೆಯಿಂದ ಹೊತ್ತಿಗೆ ಸರಿಯಾಗಿ ಎಲ್ಲಿಗೆ ಹೋಗಬೇಕು ಎಂಬುದನ್ನು ಮಾತ್ರ ಯಾರೂ ಹೇಳಲಿಲ್ಲ. ಇರಲಿ. ಈ ಶಿಸ್ತು ನನಗೆ ಹುಟ್ಟಿನಿಂದ ಬಂದದ್ದೇ? ಖಂಡಿತ ಅಲ್ಲ. ಅದನ್ನು ತಂದವರು ಎರಡನೆಯ ಸಾಲಿನಲ್ಲಿ ತಲೆ ತಗ್ಗಿಸಿ ಕುಳಿತಿದ್ದಾರೆ. ನಮ್ಮ ಕಂಪ್ಯೂಟರ್ ಆಪರೇಟರ್, ಕಮಲಾಪುರದ ಗಂಗಾಂಬಿಕಾ. ತಲೆ ಎತ್ತು ತಾಯಿ, ಇವತ್ತು ತಪ್ಪಿಸಿಕೊಳ್ಳಲು ಆಗುವುದಿಲ್ಲ.

ನಾಲ್ಕು ವರ್ಷದ ಹಿಂದಿನ ನಮ್ಮ ಆಫೀಸು ನೆನಪಿದೆಯೇ? ಅದಿರಿಗೆ ಬಂಗಾರದ ಬೆಲೆ ಬಂದ ಕಾಲ. ಬೈಪಾಸಿನ ತುಂಬ ಲಾರಿಗಳು. ಒಂದೊಂದು ಲಾರಿಗೂ ಟ್ರಿಪ್ ಶೀಟ್ ಬೇಕು. ಅದು ಕೈಗೆ ಬರದೆ ಲಾರಿ ಅಲ್ಲಾಡುವಂತಿಲ್ಲ. ನಮ್ಮಲ್ಲಿ ಕಂಪ್ಯೂಟರುಗಳೇನೋ ನಾಲ್ಕಿದ್ದವು. ಆದರೆ ಪಾಲಾದ ಅಣ್ಣತಮ್ಮಂದಿರ ಹಾಗೆ, ಒಂದರ ಒಲೆಯಲ್ಲಿ ಏನು ಬೇಯುತ್ತಿದೆಯೆಂದು ಇನ್ನೊಂದಕ್ಕೆ ಗೊತ್ತಿಲ್ಲ. ಪ್ರಿಂಟರ್ ಇದ್ದದ್ದು ಒಂದೇ. ನಮ್ಮ ಜವಾನ ಜಂಬಪ್ಪ ಫ್ಲಾಪಿಯನ್ನು ಸುಣ್ಣದ ಡಬ್ಬಿಯ ಜೊತೆ ಜೇಬಿಗೆ ಇಳಿಸಿ, ಆ ಟೇಬಲ್ಲಿನಿಂದ ಈ ಟೇಬಲ್ಲಿಗೆ ಓಡಬೇಕು. ಅರ್ಧ ಫ್ಲಾಪಿಗಳು ಧೂಳಿಗೆ ಸತ್ತವು, ಉಳಿದರ್ಧ ಸುಣ್ಣಕ್ಕೆ.

ಆಗ ಗಂಗಾಂಬಿಕಾ ನನ್ನ ಮುಂದೆ ಬಂದು ನಿಂತಳು. "ಸರ್, ಎಲ್ಲಾ ಕಂಪ್ಯೂಟರ್ ಒಂದಕ್ಕೊಂದು ಜೋಡಿಸ್ತೀನ್ರಿ. ಫೈಲೆಲ್ಲಾ ಒಂದ ಕಡಿ, ಪ್ರಿಂಟರ್ ಎಲ್ಲಾರ್ದು. ಕುಂತಲ್ಲಿಂದನ ಪ್ರಿಂಟ್ ಕೊಡಬೋದು."

ನಾನು ಏನು ಹೇಳಿದೆ? "ಮಾಡವ್ವ" ಎಂದೆ, ಅಷ್ಟೆ. ಆ ದಿನಗಳಲ್ಲಿ ಯಾರು ಏನು ಕೇಳಿದರೂ ನನ್ನ ಉತ್ತರ ಅದೊಂದೇ ಆಗಿತ್ತು.

ನೀಲಿ ಕೇಬಲ್ಲುಗಳು ಗೋಡೆಗುಂಟ ಹರಿದವು. ಎಲ್ಲ ಕೇಬಲ್ಲುಗಳೂ ಬಂದು ಸೇರುವ ಪುಟ್ಟ ಡಬ್ಬಿಗೆ ಹಬ್ ಎನ್ನುತ್ತಾರೆ. ಅದನ್ನೂ, ಪ್ರಿಂಟರ್ ಕಟ್ಟಿದ ಕಂಪ್ಯೂಟರನ್ನೂ ಮುಂದಿನ ಕೌಂಟರಿನಲ್ಲಿ ಇಟ್ಟಳು. ಚಾಲಕರು ಕಿಟಕಿಯಲ್ಲಿ ಕೈಯೊಡ್ಡಿದರೆ ಸಾಕು, ಶೀಟ್ ಸಿಗಬೇಕು. ಎಂಥ ಒಳ್ಳೆಯ ಏರ್ಪಾಡು! ಬಾಳಿದ್ದು ಅಮಾವಾಸ್ಯೆಯವರೆಗೆ.

ಅಮಾವಾಸ್ಯೆಯ ದಿನ ಲಾರಿಗಳಿಗೆ ಪೂಜೆ ಮಾಡಿ ಕಾಯಿ ಒಡೆಯುವುದು ನಮ್ಮ ಪದ್ಧತಿ. ಜಂಬಪ್ಪನ ಭಕ್ತಿ ಆ ದಿನ ಕೌಂಟರಿಗೂ ಹರಿಯಿತು. "ಲಾರಿ ದುಡೀತೈತಿ ಅಂತ ಪೂಜಿ ಮಾಡ್ತೀವಿ. ಇದೂ ದುಡೀತೈತಿ, ಇದಕ್ಯಾಕ ಬ್ಯಾಡ?" ಎಂದು ಹಬ್ಬಿಗೆ ವಿಭೂತಿ ಹಚ್ಚಿದ, ಚೆಂಡುಹೂ ಏರಿಸಿದ, ಕಾಯಿ ಒಡೆದು ಲಾರಿಯ ಮೂತಿಗೆ ಚಿಮುಕಿಸುವ ಹಾಗೆಯೇ ಕಾಯಿನೀರು ಚಿಮುಕಿಸಿದ. ಹಬ್ಬು ಅಲ್ಲೇ ಶಿವನ ಪಾದ ಸೇರಿತು. ನಗಬೇಡ ಜಂಬಪ್ಪ, ನಿನ್ನದೇ ಕಥೆ.

ಹೊಸ ಹಬ್ಬು ಬಂತು. ಗಂಗಾಂಬಿಕಾ ಅದನ್ನೂ ಪ್ರಿಂಟರನ್ನೂ ಎತ್ತಿಕೊಂಡು ನೇರ ಆಫೀಸಿನ ಹಿಂಬದಿಯ ನನ್ನ ಕೋಣೆಗೆ ಬಂದಳು. ಕಾಯಿ ಒಡೆಯದಿದ್ದ ಕೋಣೆ ಇಡೀ ಆಫೀಸಿನಲ್ಲಿ ಅದೊಂದೇ. ಆ ವರ್ಷ ಯುಗಾದಿಗೆ ಮುಂಚೆ ನಮ್ಮ ಮನೆಯಾಕೆ ಮರುಳಸಿದ್ದಮ್ಮ ತೀರಿಕೊಂಡಿದ್ದಳು. ನನ್ನ ಕೋಣೆಗೆ ಪೂಜೆ ಬೇಡವೆಂದು ನಾನೇ ಹೇಳಿದ್ದೆ. ಎಷ್ಟೋ ದಿನ ಆಫೀಸಿಗೇ ಬರುತ್ತಿರಲಿಲ್ಲ. ಬಂದರೂ ಬಾಗಿಲು ಹಾಕಿಕೊಂಡು ಕುಳಿತಿರುತ್ತಿದ್ದೆ. ಸಮಾರಂಭದಲ್ಲಿ ಇದೆಲ್ಲ ಯಾಕೆ? ಪ್ರಿಂಟರಿನ ವಿಷಯಕ್ಕೆ ಬರೋಣ.

"ಇದನ್ನ ಕೌಂಟರಿನಾಗ ಇಡವ್ವ, ನನಗ್ಯಾಕ ಈ ಗದ್ದಲ?" ಎಂದೆ.

"ಕಾಯಿನೀರು ಬಿದ್ದ ತುದಿ ಕತ್ತರಿಸೀನ್ರಿ ಸರ್. ಈಗ ಕೇಬಲ್ ಗಿಡ್ಡ ಆಗೈತಿ, ಕೌಂಟರಿಗೆ ಎಟುಕಂಗಿಲ್ಲ. ಮತ್ತ ನಿಮ್ಮ ಕಂಪ್ಯೂಟರ್ ಚಾಲೂ ಇರಲಿಲ್ಲಂದ್ರ ಯಾರಿಗೂ ಪ್ರಿಂಟ್ ಬರಂಗಿಲ್ರಿ. ಬೆಳಿಗ್ಗೆ ಜಲ್ದಿ ಬರಬೇಕು ನೀವು."

ನಂಬಿದೆ! ಲೆಕ್ಕಪತ್ರದಲ್ಲಿ ಸೂಜಿಮೊನೆಯಷ್ಟು ತಪ್ಪನ್ನೂ ಬಿಡದ ಕೊಟ್ರಯ್ಯ ಇದನ್ನು ನಂಬಿದ! ಒಂದು ದಿನ ಮನೆಯಲ್ಲೇ ಉಳಿದೆ. ಜಂಬಪ್ಪ ಸ್ಕೂಟರ್ ತಂದು ಬಾಗಿಲಲ್ಲಿ ನಿಂತ. "ಸರ್, ಲಾರಿ ಸಾಲುಗಟ್ಟಿ ನಿಂತಾವ. ಕೋಣಿ ಕೀಲಿ ನಿಮ್ಮ ಕಡೀನ ಐತಿ, ಸ್ವಿಚ್ ಹಾಕಾಕರ ಬರ್ರಿ." ಆಮೇಲೆ ನಾನೇ ಬರತೊಡಗಿದೆ. ಬಂದು ಸ್ವಿಚ್ ಹಾಕಿದರೆ ಆಯಿತೇ? ಪ್ರಿಂಟರ್ ಕರಕರ ಎಂದಾಗಲೆಲ್ಲ ಒಬ್ಬರಲ್ಲ ಒಬ್ಬರು ಒಳಗೆ ಬರುವರು. ಶೀಟ್ ಹರಿದುಕೊಳ್ಳುತ್ತ ಒಬ್ಬ ಮಗಳ ಶಾಲೆಯ ಸುದ್ದಿ ಹೇಳುವನು, ಇನ್ನೊಬ್ಬ ತಿನ್ನಲು ಮಂಡಾಳು ಒಗ್ಗರಣೆ ತಂದಿಡುವನು. ಕಂಪ್ಲಿಯ ಚಾಲಕರೊಬ್ಬರು ಶೀಟಿಗೆ ಬಂದು, ಧಣಿಗಳನ್ನು ಬೈದು, ಚಹಾ ಕುಡಿದು ಹೋಗುವರು. ಕ್ಷಮಿಸಿ ಧಣಿಗಳೇ, ಅವರ ಹೆಸರು ಹೇಳುವುದಿಲ್ಲ. ನಾನು ದಿನಾ ಗೊಣಗಿದೆ: ಇದು ಮ್ಯಾನೇಜರ ಕೋಣೆಯೋ, ಬಸ್ ಸ್ಟ್ಯಾಂಡೋ? ಗೊಣಗುತ್ತಲೇ ನಾಲ್ಕು ವರ್ಷ ಕಳೆದವು.

ನಿನ್ನೆ ಕೋಣೆ ಖಾಲಿ ಮಾಡಲು ಕಪಾಟನ್ನು ಸರಿಸಿದೆವು. ಹಿಂದೆ ಏನಿತ್ತು? ನೀಲಿ ಕೇಬಲ್ಲಿನ ಸುರುಳಿ. ಧೂಳು ತಾಗದಂತೆ ಹಳೆಯ ವೇಲಿನಲ್ಲಿ ಸುತ್ತಿ, ದಾರ ಕಟ್ಟಿ ಇಟ್ಟದ್ದು. ಬಿಚ್ಚಿ ಎಳೆದು ನೋಡಿದೆ. ಕೌಂಟರಿಗೆ ಹೋಗಿ ತಿರುಗಿ ಬಂದರೂ ಮಿಗುತ್ತದೆ!

ಗಂಗಾಂಬಿಕಾ, ಕಾಯಿನೀರು ಬಿದ್ದದ್ದು ಗೇಣು ಕೇಬಲ್ಲಿಗೆ ಅಲ್ಲವೇ? ನೀನು ಆ ಪ್ರಿಂಟರನ್ನು ಯಾಕೆ ನನ್ನ ಕೋಣೆಯಲ್ಲಿ ಇಟ್ಟೆ ಎಂಬುದು ನಿನ್ನೆ, ನೆಲದ ಮೇಲೆ ಕುಳಿತು ಆ ಸುರುಳಿ ಸುತ್ತುವಾಗ ನನಗೆ ತಿಳಿಯಿತು. ನನಗೆ ಭಾಳ ಸಂತೋಷವಾಯಿತು, ತಾಯಿ. ಸ್ವಲ್ಪ ಅಳುವೂ ಬಂತು.

ನಾಳೆ ಆ ಕೋಣೆಗೆ ಹೊಸಬರು ಬರುತ್ತಾರೆ. ಅವರ ಮುಖ ನೋಡಿ ಪ್ರಿಂಟರ್ ಎಲ್ಲಿರಬೇಕೆಂದು ನೀನೇ ತೀರ್ಮಾನಿಸು. ಆ ಸುರುಳಿಯನ್ನು ಮಾತ್ರ ನಾನು ಚೀಲದಲ್ಲಿ ಹಾಕಿಕೊಂಡಿದ್ದೇನೆ. ನನ್ನ ಮನೆ ಆಫೀಸಿನಿಂದ ಎರಡೇ ಬೀದಿ ಆಚೆ. ಅಲ್ಲಿಯವರೆಗೆ ಬರುತ್ತದೆಯೋ ಎಂದು ನೀವೆಲ್ಲ ಒಮ್ಮೆ ಬಂದು ನೋಡಿ ಹೇಳಬೇಕು. ಚಹಾ ನಾನು ಮಾಡುತ್ತೇನೆ. ಎಟುಕುವುದಿಲ್ಲ ಎಂದು ಮಾತ್ರ ಹೇಳಬೇಡ, ಗಂಗಾಂಬಿಕಾ. ನಿನ್ನ ಆ ಮಾತನ್ನು ನಾನಿನ್ನು ನಂಬುವುದಿಲ್ಲ.

ಊಟ ತಣ್ಣಗಾಗುವವರೆಗೆ ನನ್ನ ಮಾತು ಕೇಳಿದ ನಿಮ್ಮೆಲ್ಲರ ತಾಳ್ಮೆಗೆ ಧನ್ಯವಾದ. ನಮಸ್ಕಾರ.