ಏಣಿ ಹತ್ತಿದವಳ ನಾಲ್ಕು ಮಾತು

ವೇದಿಕೆಯ ಮೇಲಿರುವ ಅಧ್ಯಕ್ಷರೇ, ಫಲಕ ಕೊಡುವಾಗ ನನಗಿಂತ ಹೆಚ್ಚು ನಾಚಿಕೊಂಡ ಮುಖ್ಯ ಅತಿಥಿಗಳೇ, ನಮ್ಮ ಅಗ್ನಿಶಾಮಕ ಠಾಣೆಯ ಬಳಗದವರೇ, ‘ಬೇಗ ಮುಗಿಸು’ ಎಂದು ಮೂರನೇ ಸಾಲಿನಿಂದ ಕಣ್ಣಲ್ಲೇ ಹೇಳುತ್ತಿರುವ ನಮ್ಮ ಮನೆಯವರೇ, ಸಭಿಕರೇ,

ತಂಡದ ನಾಯಕಿಯಾದ ಸಂತೋಷಕ್ಕೆ ಬೆಳಗಿನಿಂದ ನನ್ನ ಕಾಲು ನೆಲದ ಮೇಲಿಲ್ಲ. ಮಾತು ಎಲ್ಲೆಲ್ಲಿಗೋ ಹೋದರೆ ಹೊಟ್ಟೆಗೆ ಹಾಕಿಕೊಳ್ಳಿ.

ಈ ಠಾಣೆಗೆ ಬಂದಾಗ ಹೆಂಗಸು ಎಂದರೆ ನಾನೊಬ್ಬಳೇ. ಯಾರೂ ಬೈಯಲಿಲ್ಲ, ಎಲ್ಲರೂ ಒಳ್ಳೆಯವರು! ಆದರೆ ಬೆಂಕಿ ಬಿದ್ದಲ್ಲೆಲ್ಲ ಒಂದೇ ಮಾತು: “ನೀನು ಗಾಡಿ ಹತ್ರ ಇರಮ್ಮ.” ಒಮ್ಮೆ ನನ್ನ ಕೈಯಿಂದ ನೀರಿನ ಪೈಪು ಜಾರಿ ನಮ್ಮ ಠಾಣೆಯ ಸಾಹೇಬರಿಗೇ ಸ್ನಾನವಾಯಿತು. ಪೈಪು ಯಾರ ಕೈಯಿಂದ ಜಾರುವುದಿಲ್ಲ ಹೇಳಿ? ಆದರೆ ಅವತ್ತು ಎಲ್ಲರೂ ಅಂದದ್ದು, “ಹೆಂಗಸರ ಕೈಲಿ ಇದೆಲ್ಲ ಆಗಲ್ಲ ಬಿಡಿ.” ಜಾರಿದ್ದು ನನ್ನೊಬ್ಬಳ ಕೈ, ಹೆಸರು ಕೆಟ್ಟದ್ದು ಲೋಕದ ಹೆಂಗಸರೆಲ್ಲರದ್ದು! ಆಮೇಲೆ ನಾನು ಯಾವುದಕ್ಕೂ ಮುಂದಾಗಲಿಲ್ಲ. ಪೈಪು ಒಣಗಿಸುವ ಕೋಣೆಯಲ್ಲಿ ಕೂತು ಅಳುತ್ತಿದ್ದೆ. ಇದು ಮನೆಯವರಿಗೆ ಈಗಷ್ಟೇ ಗೊತ್ತಾಗುತ್ತಿದೆ. ರೀ, ಮುಖ ಹಾಗೆ ಮಾಡಬೇಡಿ, ಅದೆಲ್ಲ ಮುಗಿದ ಕಥೆ.

ಹೋದ ವರ್ಷ ಐವರು ಹೆಣ್ಣುಮಕ್ಕಳು ಒಟ್ಟಿಗೆ ಬಂದರು. ಅವರಲ್ಲಿ ಒಬ್ಬಳು, ನಾವು ಉದ್ದಕ್ಕ ಎಂದು ಕರೆಯುವವಳು, ಬಂದ ಹೊಸದರಲ್ಲೇ ಪೈಪು ಕೈಬಿಟ್ಟಳು. ಇನ್ನೇನು ಅದೇ ಹಳೇ ಮಾತು ಬಂತು ಎಂದುಕೊಂಡೆ. ಡ್ರೈವರಣ್ಣ ನಕ್ಕು, “ಉದ್ದಕ್ಕಾ, ಗಟ್ಟಿಯಾಗಿ ಹಿಡ್ಕೋಮ್ಮ!” ಎಂದರು. ಅಷ್ಟೇ! ಹೆಂಗಸರು ಎನ್ನಲಿಲ್ಲ, ಉದ್ದಕ್ಕ ಎಂದರು! ಹೆಂಗಸರು ಐದಾರು ಜನ ಇದ್ದರೆ ತಪ್ಪು ಮಾಡಿದವಳದ್ದಷ್ಟೇ ತಪ್ಪು. ಎಂಥ ಬಿಡುಗಡೆ ಸಭಿಕರೇ, ಎಂಥ ಬಿಡುಗಡೆ!

ಆಮೇಲೆ ಒಂದು ಹಾಸಿಗೆ ಅಂಗಡಿಗೆ ಬೆಂಕಿ ಬಿತ್ತು. ಮೂರನೇ ಮಹಡಿಯ ಕಿಟಕಿಯಲ್ಲಿ ಒಬ್ಬರು ತಾತ. ಏಣಿ ಹತ್ತಬೇಕಾದವನು, ತೋಳು ನೋಡಿ ನಾವು ಪೈಲ್ವಾನ ಎನ್ನುವವನು, ಬಿಳಿಚಿಕೊಂಡು ನನ್ನ ಕಿವಿಯಲ್ಲಿ, “ಅಕ್ಕಾ, ಎತ್ತರ ಅಂದ್ರೆ ತಲೆ ಸುತ್ತುತ್ತೆ. ಗಂಡಸಾಗಿ ಹೇಗೆ ಹೇಳ್ಲಿ?” ಎಂದ. ಪಾಪ, ಅವನದ್ದೂ ನನ್ನದೇ ಗೋಳು! “ಏಣಿ ಹಿಡ್ಕೊಳೋ, ನಾನು ಹತ್ತೀನಿ,” ಎಂದೆ. ಆ ಮಾತು ನನ್ನ ಬಾಯಿಂದ ಬಂತೇ? ಬಂತು! ಹತ್ತಿದೆನೇ? ಹತ್ತಿದೆ!

ಹೊಗೆಯ ನಡುವೆ ತಾತ, “ಗಂಡಸರು ಯಾರೂ ಇಲ್ವೇನಮ್ಮಾ?” ಎಂದರು.

“ಇದ್ದಾರೆ ತಾತಾ, ಅವರು ಏಣಿ ಬಿಟ್ರೆ ನಾವಿಬ್ರೂ ಇಲ್ಲ. ಬನ್ನಿ!”

ತಾತ ಕೆಮ್ಮುತ್ತ, ನಗುತ್ತ ಹೆಗಲೇರಿದರು. ಕೆಳಗಿಳಿದಾಗ ಎಲ್ಲರಿಗಿಂತ ಜೋರಾಗಿ ಸಿಳ್ಳೆ ಹೊಡೆದವನು ಪೈಲ್ವಾನ. ಈಗ ನೆಲದ ಮೇಲೇ ನಿಂತು ಮಾಡುವ ಪಂಪಿನ ಕೆಲಸ ಕೇಳಿ ತೆಗೆದುಕೊಂಡಿದ್ದಾನೆ. ಹಾಡಿಕೊಂಡು ಮಾಡುತ್ತಾನೆ, ನಮಗೆ ಅದೊಂದೇ ಕಷ್ಟ.

ನಿನ್ನೆ ಸಾಹೇಬರು ಕರೆದು, “ನಿನ್ನ ತಂಡಕ್ಕೆ ಎಲ್ಲಾ ಹೆಣ್ಣುಮಕ್ಕಳನ್ನೇ ಕೊಡ್ತೀನಿ. ಭಾರ ಎತ್ತೋಕೆ ಒಬ್ಬ ಗಂಡಸು ಸಾಕಲ್ವಾ?” ಎಂದರು.

“ಬೇಡ ಸಾರ್, ಅರ್ಧರ್ಧ ಕೊಡಿ! ಒಬ್ಬನೇ ಆದ್ರೆ, ಅವನು ಎಡವಿದಾಗೆಲ್ಲ ನಾವು ‘ಈ ಗಂಡಸರೇ ಹೀಗೆ’ ಅಂದ್ಬಿಡ್ತೀವಿ!”

ಸಾಹೇಬರು ಮೇಜು ತಟ್ಟಿ ನಕ್ಕರು. ಅರ್ಧರ್ಧವೇ ಕೊಟ್ಟರು. ನನ್ನ ಸಂಭ್ರಮವನ್ನು ಇಷ್ಟು ಹೊತ್ತು ಸಹಿಸಿದ ನಿಮಗೆಲ್ಲ ತುಂಬು ಮನಸ್ಸಿನ ವಂದನೆ. ನಮಸ್ಕಾರ.