ಶೇಖಮ್ಮನ ಅಳು

ಶಹಾಪುರ ಬಸ್‌ಸ್ಟ್ಯಾಂಡಿನ ಹೋಟೆಲಿನ ಟೀವಿಯಲ್ಲಿ ಧಾರಾವಾಹಿಯ ಅತ್ತೆ ಸೆರಗು ಕಚ್ಚಿಕೊಂಡು ಅಳುತ್ತಿದ್ದಳು. ನೋಡುತ್ತಿದ್ದ ಶೇಖಮ್ಮನಿಗೆ ಮೈಯೆಲ್ಲ ಉರಿಯಿತು. ಪಕ್ಕದಲ್ಲಿದ್ದ ಗೆಳತಿ ಸಾಬೇರಾಳನ್ನು ತಿವಿದಳು.

“ಅಕಿ ನಮ್ಮ ದೇವಾಪುರದ ನೀಲಿ. ಆ ಅಳು ನಂದು!”

“ನಿಂದು ಹೆಂಗ?”

“ನಮ್ಮವ್ವ ಸತ್ತಾಗ ನಾ ಹಂಗ ಅತ್ತಿದ್ದೆ. ಅಕಿ ಬಾಜೂಕ ಕುಂತು ನೋಡ್ಯಾಳ. ಹತ್ತು ಧಾರಾವಾಹ್ಯಾಗ ಅತ್ತಿ ಆಗ್ಯಾಳ, ಹತ್ತರಾಗೂ ಅದ ಅಳು.”

“ಅಕಿನ್ನ ಕೇಳಬೇಕಿತ್ತು.”

“ಹೋದ ವರ್ಷ ಊರಿಗೆ ಬಂದಿದ್ಲು. ನನ್ನ ಗುರ್ತಾನೂ ಹಿಡೀಲಿಲ್ಲ.”

ಹೇಳುತ್ತಲೇ ಶೇಖಮ್ಮನಿಗೆ ಅಳು ಬಂತು. ಸೆರಗು ತಾನಾಗಿ ಬಾಯಿಗೆ ಹೋಯಿತು.

ಚಹಾ ತಂದವಳು ನಿಂತು ನೋಡಿದಳು. “ಅಕ್ಕಾರ, ಟೀವಿ ನೋಡಿ ಕಲ್ತೀರೇನ್ರಿ ಹಿಂಗ ಅಳೂದು?”

ಅಷ್ಟರಲ್ಲಿ ಸುರಪುರದ ಬಸ್ಸು ಬಂತು. ಶೇಖಮ್ಮ ಸೆರಗು ಬಿಟ್ಟು, ಬರಿಗೈಯಿಂದ ಕಣ್ಣೊರೆಸಿಕೊಂಡು ಹತ್ತಿದಳು.