ಬೂತಪ್ಪನ ಕೂಗು ಇರುವ ಸಿಡಿ

ಕೊಪ್ಪದ ಬಸ್ ಸ್ಟ್ಯಾಂಡಿನಲ್ಲಿ ಕಿವಿಗೆ ಬಿದ್ದ ಮಾತಿದು. ಅಲ್ಲಿಯ ಹಳೇ ರಾಕ್ ಬ್ಯಾಂಡಿನವರು ತಲೆಯೆಲ್ಲ ಬೋಳಾದ ಮೇಲೆ ಒಂದು ಕ್ಯಾಸೆಟ್ ಮಾಡಿದ್ದರು. ಹತ್ತು ವರ್ಷ ಕಳೆದು ಅದೀಗ ಸಿಡಿಯಾಗಿ ಮತ್ತೆ ಬಂದಿದೆ. ಗಿಟಾರಿನ ಸುಬ್ಬಯ್ಯ ಒಂದು ಸಿಡಿಯನ್ನು ಡ್ರಮ್ಮಿನ ಬೂತಪ್ಪನ ಹೆಂಡತಿ ಹೊನ್ನಕ್ಕನ ಕೈಗಿಟ್ಟ.

“ಈ ಸಲ ಅವನ ಕೂಗು ಹಾಗೇ ಇದೆ ಹೊನ್ನಕ್ಕ.”

“ಅಡಿಕೆ ಕೊನೆ ಕೊಯ್ಯುವಾಗ ಮರದ ಮೇಲಿಂದ ಕೆಳಗಿನೋರಿಗೆ ಕೂಗ್ತಿದ್ರಲ್ಲ, ಅದೇಯಾ?”

“ಅದೇ. ಹಾಡು ಪಲ್ಲವಿಗೆ ತಿರುಗುವಾಗ ನಮ್ಗೂ ಹಂಗೇ ‘ಹೋಯ್’ ಅಂತಿದ್ದ. ಆಗ ಕ್ಯಾಸೆಟ್‌ನೋರು ಗಲಾಟೆ ಅಂತ ಕತ್ತರಿಸಿದ್ರು, ತಲೆಕೆಟ್ಟೋರು. ಮೊದಲಿನ ಟೇಪು ನನ್ನ ಹತ್ರ ಇದ್ದಿದ್ದಕ್ಕೆ ಬಚಾವು.”

“ನಿಮ್ಗೆ ಪುಣ್ಯ ಬರ್ಲಿ ಸುಬ್ಬಯ್ಯಣ್ಣ. ಗಂಟಲು ಆಪರೇಶನ್ ಆದ್ಮೇಲೆ ಅವರ ಸ್ವರಾನೇ ಕೇಳಿಲ್ಲ ನಾನು.”

“ಮತ್ತೆ ಎಂತಕ್ಕೆ ಸಪ್ಪಗಾದೆ ಮಾರಾಯ್ತಿ?”

“ನಂಗೇನೋ ಖುಷಿ. ಅವರಿಗೆ ಕೇಳ್ಸಿದ್ರೆ ಸಂಕಟ ಆಗ್ತದೋ ಏನೋ. ಹೋದ ಸ್ವರ ಅಲ್ವಾ?”

“ಆಗ್ತದೆ. ನಂಗೂ ಆಯ್ತು. ಆದ್ರೆ ಅವನು ಕೂಗ್ದೇ ಇದ್ರೆ ನಾವು ಒಬ್ರೂ ಸರಿಯಾಗಿ ಬಾರಿಸ್ತಿರ್ಲಿಲ್ಲ. ಅದು ಅವನಿಗೆ ಗೊತ್ತಾಗ್ಬೇಕು.”

“ಅವತ್ತೇ ಹೇಳ್ಬಾರ್ದಿತ್ತಾ?”

“ಹೇಳಿದ್ರೆ ಇನ್ನೂ ಜೋರು ಕೂಗ್ತಿದ್ದ, ನನ್ನ ಕಿವಿ ಹೋಗ್ತಿತ್ತು.”

ಹೊನ್ನಕ್ಕ ನಕ್ಕಳು. “ಈಗ ನಾ ಹೇಳಿದ್ರೆ ನಂಬ್ತಾರಾ? ಸಮಾಧಾನಕ್ಕೆ ಹೇಳ್ತಾಳೆ ಅಂತ ತಿಳ್ಕೊಳ್ತಾರೆ. ನೀವೇ ಬಂದು ಹೇಳಿ.”

ಅಷ್ಟರಲ್ಲಿ ಹೊನ್ನಕ್ಕನ ಊರಾದ ನಾರ್ವೆಗೆ ಹೋಗುವ ಬಸ್ಸು ಬಂತು. ಸುಬ್ಬಯ್ಯ ಶೃಂಗೇರಿಗೆ ಹೊರಟಿದ್ದವ. ಆದರೂ ಅವಳಿಗಿಂತ ಮೊದಲೇ ನಾರ್ವೆ ಬಸ್ಸು ಹತ್ತಿ, ಕಿಟಕಿ ಪಕ್ಕ ಅವಳಿಗೊಂದು ಸೀಟು ಹಿಡಿದ.